ಅಂಕೋಲಾದ ತೋಟದ ಮನೆ: ಮಾಡು ಮೊದಲು, ಗೋಡೆ ಆಮೇಲೆ

ಮಣ್ಣು, ಚಿರೇಕಲ್ಲು (ಜಂಬಿಟ್ಟಿಗೆ), ಸುಣ್ಣದಲ್ಲಿ ಮನೆ ಕಟ್ಟಬೇಕು ಅಂತ ಹೊರಟವರೆಲ್ಲ ಮೊದಲು ಗೋಡೆಯ ವಿಷಯವನ್ನೇ ಕೇಳುತ್ತಾರೆ. ಎಷ್ಟು ದಪ್ಪ ಇರಬೇಕು? ಮಣ್ಣಿಗೆ ಏನು ಬೆರೆಸಬೇಕು? ನಮ್ಮ ಕರಾವಳಿಯಲ್ಲಿ ಮನೆಯ ಲೆಕ್ಕ ಮಾಡಿನಿಂದ, ಅಂದರೆ ಮೇಲಿನ ಚಾವಣಿಯಿಂದ, ಶುರುವಾಗಬೇಕು. ಮಾಡು ಎಷ್ಟು ಹೊರಗೆ ಚಾಚುತ್ತದೆ, ಸೂರು (ಮಾಡಿನ ಕೆಳಗಿನ ಅಂಚು) ಎಷ್ಟು ಕೆಳಗೆ ಬರುತ್ತದೆ, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಎನ್ನುವುದು ನಿಕ್ಕಿಯಾದ ಮೇಲೆ ಗೋಡೆಯ ಮಾತು. ಈ ಮನೆಯನ್ನು ಹಾಗೇ ಕಟ್ಟಿದೆವು. ಕೆಲಸ ನಡೆದ ಹಾಗೆ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಜಾಗ ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಹೊಳೆಯಿಂದ ಸ್ವಲ್ಪ ಒಳಗೆ. ತೆಂಗು, ಅಡಿಕೆ, ನಾಲ್ಕಾರು ಇಶಾಡು ಮಾವಿನ ಮರ. ಹಿಂದೆ ಗುಡ್ಡ. ಮನೆ ಚಿಕ್ಕದು. ಒಳ ಅಳತೆ 30 ಅಡಿ ಉದ್ದ, 18 ಅಡಿ ಅಗಲ. ಪಡುವಣ ಬದಿಗೆ ಉದ್ದಕ್ಕೂ 7 ಅಡಿಯ ಜಗಲಿ.

ಸೆಕೆ ಅಂದರೆ ಏನು

ವಿಜಯಪುರ, ಕಲಬುರಗಿ ಕಡೆಯ ಬಿಸಿಲು ಬೇರೆ, ನಮ್ಮ ಸೆಕೆ ಬೇರೆ. ಅಲ್ಲಿ ಹಗಲು ಸುಡುತ್ತದೆ, ರಾತ್ರಿ ತಣಿಯುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತದೆ. ಇಲ್ಲಿ ಏಪ್ರಿಲ್, ಮೇನಲ್ಲಿ ರಾತ್ರಿಯೂ 25 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಬರುತ್ತದೆ, ಆದರೆ ಆರುವುದಿಲ್ಲ. ಆರದ ಬೆವರು ಮೈ ತಣಿಸುವುದಿಲ್ಲ. ಹಾಗಾಗಿ ಇಲ್ಲಿ ಬೇಕಾದ್ದು ಎರಡೇ: ಗೋಡೆಗೆ ಬಿಸಿಲು ತಾಗದ ನೆರಳು, ಮೈಗೆ ತಾಗುವ ಗಾಳಿ. ಒಣ ಊರಿನ ಮಣ್ಣಿನ ಮನೆಯ ನಕ್ಷೆಯನ್ನು ತಂದು ಚಿಕ್ಕ ಕಿಟಕಿ, ಎರಡಡಿ ಗೋಡೆ ಮಾಡಿದರೆ ಒಳಗೆ ಕೂರಲು ಆಗುವುದಿಲ್ಲ.

ಮೇಲೆ ಸ್ಲ್ಯಾಬ್ ಹಾಕಿದ ಮನೆಗಳಲ್ಲಿ ರಾತ್ರಿ ಹನ್ನೊಂದಾದರೂ ಕಾವು ಇಳಿಯದಿರುವುದು ಇದಕ್ಕೇ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಇಡೀ ದಿನದ ಬಿಸಿಲನ್ನು ತಿನ್ನುವುದು ಮಾಡು, ಗೋಡೆಯಲ್ಲ. ಹೆಂಚು ತೆಳುವು. ಬೇಗ ಕಾಯುತ್ತದೆ, ಸಂಜೆಯಾದರೆ ಬೇಗ ತಣಿಯುತ್ತದೆ. ಸಂದಿಯಲ್ಲಿ ಬಿಸಿ ಗಾಳಿ ಹೊರಗೂ ಹೋಗುತ್ತದೆ.

ಪಡುವಣದ ತಕರಾರು

ಬಿಸಿ ಊರಿನಲ್ಲಿ ಉದ್ದ ಗೋಡೆ ತೆಂಕು-ಬಡಗಿಗೆ ಇರಲಿ, ಪಡುವಣಕ್ಕೆ ಗಿಡ್ಡ ಗೋಡೆ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ಬಿಸಿಲಿನ ಲೆಕ್ಕಕ್ಕೆ ಅದು ಸರಿ. ಆದರೆ ನಮಗೆ ಮಧ್ಯಾಹ್ನದ ಮೇಲೆ ಕಡಲ ಗಾಳಿ ಬರುವುದೇ ಪಡುವಣದಿಂದ. ಮಳೆ ಹೊಡೆಯುವುದೂ ಅಲ್ಲಿಂದಲೇ. ಇಳಿಬಿಸಿಲೂ ಅಲ್ಲಿಂದಲೇ. ಗಾಳಿ ಬೇಕು, ಉಳಿದೆರಡು ಬೇಡ. ಇಡೀ ಮನೆಯಲ್ಲಿ ತಲೆ ಕೆಡಿಸಿಕೊಂಡದ್ದು ಇದೊಂದಕ್ಕೇ.

ನಾವು ಉದ್ದ ಮುಖವನ್ನು ಪಡುವಣಕ್ಕೇ ಇಟ್ಟೆವು. ಗಾಳಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬದಲಿಗೆ ಮಾಡಿನ ಇಳಿಜಾರನ್ನು ಆ ಬದಿಗೆ ಉದ್ದಕ್ಕೆ ಇಳಿಸಿದೆವು. ಮಾಡಿನ ಏಣು (ಎರಡು ಇಳಿಜಾರು ಕೂಡುವ ನೆತ್ತಿ) ತೆಂಕಿನಿಂದ ಬಡಗಿಗೆ. ಗೋಡೆಯಿಂದ ಜಗಲಿ 7 ಅಡಿ, ಕಂಬದಾಚೆ ಸೂರು ಇನ್ನೆರಡು ಅಡಿ, ಒಟ್ಟು 9 ಅಡಿ. ಸೂರಿನ ಅಂಚು ಜಗಲಿಯ ನೆಲದಿಂದ 6 ಅಡಿ ಎತ್ತರ.

ಇದನ್ನು ಮನಸ್ಸಿಗೆ ಬಂದ ಹಾಗೆ ಇಟ್ಟದ್ದಲ್ಲ. ಏಪ್ರಿಲ್ ಕೊನೆಯಲ್ಲಿ ಅಂಗಳದಲ್ಲಿ ಮೂರಡಿಯ ಕೋಲು ನೆಟ್ಟು ನೆರಳು ಅಳೆದೆವು. ನಾಲ್ಕು ಗಂಟೆಗೆ ನೆರಳು ಮೂರೂವರೆ ಅಡಿ ದಾಟಿತ್ತು, ಐದಕ್ಕೆ ಆರು ಅಡಿಗಿಂತ ಸ್ವಲ್ಪ ಮೇಲೆ. ಅಂದರೆ ನಾಲ್ಕಕ್ಕೆ ಬಿಸಿಲು ಪ್ರತಿ ಅಡಿಗೆ ಹತ್ತು ಇಂಚು ಇಳಿಯುತ್ತದೆ, ಐದಕ್ಕೆ ಸುಮಾರು ಆರು ಇಂಚು. 9 ಅಡಿ ಮಾಡಿನ ಕೆಳಗೆ ನಾಲ್ಕು ಗಂಟೆಯ ಬಿಸಿಲು ಗೋಡೆಯವರೆಗೆ ಬರುವುದೇ ಇಲ್ಲ. ಐದರ ಬಿಸಿಲು ಗೋಡೆಯ ಬುಡದ ಎರಡಡಿಯೊಳಗೆ ನಿಲ್ಲುತ್ತದೆ. ಒಂದು ಕೋಲು, ಒಂದು ಟೇಪು ಸಾಕು. ಯಾರು ಬೇಕಾದರೂ ತಮ್ಮ ಅಂಗಳದಲ್ಲಿ ಮಾಡಬಹುದು. ಮಾಡಿಯೇ ಮುಂದೆ ಹೋಗಿ.

ಮರದ ಕೆಲಸಕ್ಕೆ ಬಂದ ಆಚಾರಿಗೆ ನಕ್ಷೆ ತೋರಿಸಿದಾಗ ಅವರು ಕೋಣೆಗಳ ಕಡೆ ನೋಡಲೇ ಇಲ್ಲ.

"ತಂಗಿ, ಸೂರು ಎಷ್ಟಕ್ಕೆ ಬರ್ತದೆ?"

"ಆರಡಿಗೆ, ಆಚಾರ್ರೇ. ಕತ್ತಲೆ ಆಗ್ತದಾ?"

"ಆದ್ರೆ ಮೇಲೆ ಎರಡು ಗಾಜಿನ ಹೆಂಚು ಕೂರ್ಸುವ. ಸೂರು ಮಾತ್ರ ಮೇಲೆ ಎತ್ತೂದು ಬೇಡ. ಆಷಾಢದ ಮಳೆ ಅಡ್ಡ ಹೊಡೀತದೆ."

ಗುಡ್ಡ ಮುಟ್ಟಲಿಲ್ಲ

ಜಾಗ ಸ್ವಲ್ಪ ಇಳಿಜಾರು. ಜೆಸಿಬಿ ತಂದು ಹಿಂದಿನ ಗುಡ್ಡ ಕೆರೆದು ಮಟ್ಟ ಮಾಡಿ ಅಂದವರು ಬಹಳ. 2024ರ ಜುಲೈ 16ರಂದು ಇದೇ ಗಂಗಾವಳಿಯ ದಂಡೆಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು, ಜನ ಸತ್ತರು. ಅದಾದ ಮೇಲೂ ಈ ಮಾತು ಆಡುವವರಿದ್ದಾರೆ ಅಂದರೆ ಬೇಸರವಾಗುತ್ತದೆ. ನಮ್ಮ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ. ಬುಡ ಕಡಿದರೆ ಅದಕ್ಕೆ ಆಧಾರವಿಲ್ಲ. ನಾವು ಮನೆಯನ್ನು ಗುಡ್ಡದಿಂದ ದೂರ ಸರಿಸಿದೆವು. ಇಳಿಜಾರಿಗೆ ತಕ್ಕ ಹಾಗೆ ಪಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು. ಗುಡ್ಡದಿಂದ ಬರುವ ನೀರಿಗೆ ಮನೆಯ ಮೇಲ್ಬದಿಗೆ ಕಾಲುವೆ ತೋಡಿ ತೋಟದ ಕಡೆ ತಿರುಗಿಸಿದೆವು.

ಪಾಯಕ್ಕೆ ಕೆಳಗೆ ಕಪ್ಪು ಕಲ್ಲು, ಮೇಲೆ ಚಿರೇಕಲ್ಲು. ನೆಲಮಟ್ಟ ಅಂಗಳದಿಂದ ಎರಡಡಿ ಮೇಲೆ. ಚಿರೇಕಲ್ಲು ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ಅದನ್ನು ತಡೆಯಲು ನೆಲಮಟ್ಟದಲ್ಲಿ ಗೋಡೆಯ ಪೂರ್ತಿ ಅಗಲಕ್ಕೆ ಕಡಪಾ ಕಲ್ಲಿನ ಎರಡು ವರಸೆ ಹಾಸಿದೆವು. ಕೆಳಗಿನ ಸಂದಿಯ ಮೇಲೆ ಮೇಲಿನ ಸಂದಿ ಬರಬಾರದು.

ಕಲ್ಲು

ಹೊರಗೋಡೆ ಪೂರ್ತಿ ಚಿರೇಕಲ್ಲು, 9 ಇಂಚು ದಪ್ಪ. ಹೆಚ್ಚು ದಪ್ಪ ಯಾಕೆ ಬೇಡ ಅನ್ನುವುದು ಮೇಲೆ ಹೇಳಿದ ಸೆಕೆಯ ಲೆಕ್ಕದಲ್ಲೇ ಇದೆ.

ಈ ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಮಲಬಾರು, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಇದನ್ನು ಬರೆದಿಟ್ಟಿದ್ದಾನೆ. ಈಗ ಮಷಿನ್ನಿನಲ್ಲಿ ಕೊಯ್ದು ಮರುದಿನವೇ ಲಾರಿಗೆ ಹಾಕುತ್ತಾರೆ. ನಾವು ಒಂದು ಮಳೆಗಾಲ ಮೊದಲೇ ಕಲ್ಲು ತರಿಸಿ ಬಯಲಲ್ಲಿ ಬಿಟ್ಟೆವು. ಮಳೆಯೇ ಕಲ್ಲು ಆರಿಸಿಕೊಡುತ್ತದೆ. ಹೊಟ್ಟೆಯಲ್ಲಿ ಬಿಳಿ ಶೇಡಿ ಇರುವ ಕಲ್ಲುಗಳಲ್ಲಿ ಆ ಮಣ್ಣು ತೊಳೆದುಹೋಗಿ ಬೆರಳು ಹೋಗುವಷ್ಟು ತೂತು ಬೀಳುತ್ತದೆ. ಅಂಥವನ್ನು ತೋಟದ ಕಟ್ಟೆಗೆ ಹಾಕಿದೆವು. ಉಳಿದವನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆವು. ಠಣ್ ಅಂದರೆ ಗೋಡೆಗೆ, ಡಬ್ ಅಂದರೆ ಬದಿಗೆ.

ಒಳ್ಳೆ ಕಲ್ಲು ಎಷ್ಟು ತಾಳುತ್ತದೆ ಅಂತ ನೋಡಬೇಕಾದರೆ ಕುಮಟಾ ಹತ್ತಿರದ ಮಿರ್ಜಾನ ಕೋಟೆಗೆ ಹೋಗಿ. ಮೇಲೆ ಮಾಡು ಇಲ್ಲ, ಶತಮಾನಗಳ ಮಳೆ ಕುಡಿದು, ಪಾಚಿ ಹೊದ್ದು ನಿಂತಿದೆ. ಆದರೆ ಕೋಟೆಯ ಗೋಡೆ ನೆನೆದರೆ ಯಾರಿಗೂ ತೊಂದರೆಯಿಲ್ಲ. ಮನೆಯ ಗೋಡೆ ನೆನೆದರೆ ಒಳಗೆ ಬಟ್ಟೆ ಒಣಗುವುದಿಲ್ಲ, ಅಕ್ಕಿಗೆ ಬೂಸಲು ಬರುತ್ತದೆ. ಅದಕ್ಕೇ ಸೂರು.

ಕಿಟಕಿ ಬಾಗಿಲುಗಳ ಮೇಲೆ ಆರ್‌ಸಿಸಿ ಹಾಕಲಿಲ್ಲ. ಚಿರೇಕಲ್ಲಿನಲ್ಲೇ ಕಮಾನು. ಕಡಲ ಗಾಳಿಯ ಉಪ್ಪು ಕಬ್ಬಿಣಕ್ಕೆ ತಲುಪಿದರೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಕಮಾನು ಗೊತ್ತಿರುವ ಗೌಂಡಿ ಸಿಗುವುದು ಕಷ್ಟ. ನಮಗೆ ಸಿಕ್ಕಿದವರು ಬಾವಿ ಕಟ್ಟಿದ ಕೈ, ಹಾಗಾಗಿ ಚಿಂತೆಯಾಗಲಿಲ್ಲ.

ಸುಣ್ಣ

ಗಾರೆಗೆ ಚಿಪ್ಪಿನ ಸುಣ್ಣ. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಗೆ ಬರವಿಲ್ಲ. ಸುಟ್ಟ ಚಿಪ್ಪನ್ನು ನೀರಿಗೆ ಹಾಕಿದ ಕೂಡಲೇ ಕೊತಕೊತ ಕುದಿಯುತ್ತದೆ, ಹಬೆ ಏಳುತ್ತದೆ. ಚಿಪ್ಪನ್ನು ನೀರಿಗೆ ಹಾಕಬೇಕು, ಚಿಪ್ಪಿನ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರ ಇಡಿ. ಕುದಿ ನಿಂತ ಮೇಲೆ ಸೋಸಿ, ಮೇಲೆ ನೀರು ನಿಲ್ಲುವ ಹಾಗೆ ತೊಟ್ಟಿಯಲ್ಲಿ ಬಿಡಬೇಕು. ಹಳೆಯದಾದಷ್ಟೂ ಒಳ್ಳೆಯದು. ಕರಣೆಯಲ್ಲಿ ಎತ್ತಿದರೆ ಬೆಣ್ಣೆಯ ಹಾಗೆ ಅಂಟಿ ನಿಲ್ಲಬೇಕು.

ಪಾಯದ ಹತ್ತಿರದ ವರಸೆಗಳಿಗೆ ಸುಣ್ಣ ಒಂದು ಪಾಲು, ಸುರ್ಕಿ ಒಂದು, ಮರಳು ಎರಡು. ಮೇಲಕ್ಕೆ ಸುಣ್ಣ ಒಂದು, ಮರಳು ಮೂರು. ಸುರ್ಕಿ ಅಂದರೆ ಇಟ್ಟಿಗೆ ಪುಡಿ. ಅರೆಬೆಂದ ಇಟ್ಟಿಗೆಯದ್ದಾದರೆ ಉತ್ತಮ, ಜೊತೆಗೆ ಒಡೆದ ಹೆಂಚನ್ನೂ ಕುಟ್ಟಿ ಸೇರಿಸಿದೆವು. ಸುರ್ಕಿ ಇದ್ದ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತದೆ. ಬರೀ ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ತಿಂಗಳುಗಟ್ಟಲೆ. ಮರಳು ಹೊಳೆಯದ್ದೇ ಆಗಬೇಕು. ಕಡಲ ಬದಿಯ ಮರಳಿನ ಉಪ್ಪು ಗೋಡೆಯಲ್ಲಿ ಉಳಿದು ಯಾವಾಗಲೂ ತೇವ ಎಳೆಯುತ್ತಿರುತ್ತದೆ.

ಸಿಮೆಂಟಿಗೆ ಒಗ್ಗಿದ ಕೈಗೆ ಸುಣ್ಣದ ಜೊತೆ ತಾಳ್ಮೆ ಬೇಕು. ಕಲ್ಲನ್ನು ಮೊದಲೇ ನೆನೆಸದಿದ್ದರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಪುಡಿಯಾಗುತ್ತದೆ. ದಿನಕ್ಕೆ ಎರಡು ಮೂರು ವರಸೆಗಿಂತ ಮೇಲೆ ಹೋಗಬಾರದು. ಕಟ್ಟಿದ್ದಕ್ಕೆ ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಡಬೇಕು. ದೀಪಾವಳಿ ಕಳೆದು ಶುರು ಮಾಡಿದ ಗೋಡೆ ಶಿವರಾತ್ರಿಗೆ ಮುಗಿದರೆ ಮಳೆಯ ಮೊದಲು ಆರಲು ಸಮಯ ಸಿಗುತ್ತದೆ. ಗಡಿಬಿಡಿ ಇದ್ದವರು ಸುಣ್ಣಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಒಳಗೋಡೆ

ಕೋಣೆಗಳ ನಡುವಿನ ಗೋಡೆ ಮಣ್ಣಿನ ಇಟ್ಟಿಗೆ. ಬಾವಿ ತೋಡುವಾಗ ಬಂದ ಮಣ್ಣೇ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮಣ್ಣಿನ ಜಾತಕ ಕಾಣುತ್ತದೆ. ತಳದಲ್ಲಿ ಮರಳು, ಮೇಲೆ ನುಣ್ಣನೆಯ ಮಣ್ಣು, ಎಲ್ಲಕ್ಕಿಂತ ಮೇಲೆ ಜಿಗುಟು. ನಮ್ಮದರಲ್ಲಿ ಜಿಗುಟು ಜಾಸ್ತಿ. ಹಾಗೇ ಬಿಟ್ಟರೆ ಒಣಗುವಾಗ ಬಿರಿಯುತ್ತದೆ. ಮರಳು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿ ಮಾದರಿ ಇಟ್ಟಿಗೆ ಒಣಗಿಸಿ, ಬಿರಿಯದ್ದನ್ನು ಆರಿಸಿಕೊಂಡೆವು. ಭತ್ತದ ಹೊಟ್ಟು ಸ್ವಲ್ಪ ಹಾಕಿದೆವು. ಇವಕ್ಕೆ ಸಿಮೆಂಟ್ ಇಲ್ಲ, ಯಾಕೆಂದರೆ ಮಳೆ ಇವನ್ನು ಮುಟ್ಟುವುದಿಲ್ಲ. ಹೊರಗೋಡೆಗೂ ಮಣ್ಣೇ ಬೇಕೆನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಬೆಳೆಸಿದ ಒತ್ತು ಇಟ್ಟಿಗೆ ನೋಡಬಹುದು. ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ ಮಷಿನ್ನಿನಲ್ಲಿ ಒತ್ತುತ್ತಾರೆ.

ನೆಲದ ಕೆಲಸವನ್ನು ಅತ್ತೆ ತಮ್ಮ ಕೈಗೆ ತೆಗೆದುಕೊಂಡರು. ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲ, ತೆಂಗಿನ ಗೆರಟೆಯ ಮಸಿ ಬೆರೆಸಿದ ಸಗಣಿ ಸಾರಣೆ. ಅಡುಗೆಮನೆ, ಬಚ್ಚಲಿಗೆ ಮಾತ್ರ ಕಲ್ಲು ಚಪ್ಪಡಿ.

ಮಾಡು

ಮರ ಹೆಚ್ಚಿನದೆಲ್ಲ ಹಳೆಯದು. ಸ್ಲ್ಯಾಬ್ ಮನೆ ಕಟ್ಟಲು ಹಳೆ ಮನೆ ಕೆಡವುವವರು ಊರೂರಿಗೆ ಇದ್ದಾರೆ. ಮತ್ತಿ ಮರದ ತೊಲೆ, ಹಲಸಿನ ಬಾಗಿಲು ಸೌದೆಯ ದರಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಿಕ್ಕಿದಷ್ಟು ತಂದೆವು. ಪಕಾಸಿಗೆ (ಏಣಿನಿಂದ ಸೂರಿಗೆ ಇಳಿಯುವ ಓರೆ ಮರಕ್ಕೆ) ಬಲಿತ ತೆಂಗಿನ ಮರದ ಬುಡದ ಭಾಗ. ತೆಂಗಿನಲ್ಲಿ ಹೊರಗಿನ ಕಪ್ಪು ಭಾಗ ಮಾತ್ರ ಗಟ್ಟಿ, ಒಳಗಿನ ಮೆತ್ತನೆ ಭಾಗ ಬಿಸಾಡಬೇಕು.

ಮೊದಲೆಲ್ಲ ಒಲೆಯ ಹೊಗೆ ಮಾಡಿನ ಮರವನ್ನು ಕಾಯುತ್ತಿತ್ತು. ಮಸಿ ಹಿಡಿದ ಮರಕ್ಕೆ ಹುಳ ಬರುವುದು ಕಡಿಮೆ. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಯಿತು. ಅದಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಎರಡು ಸಲ ಬಳಿದೆವು. ಈ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ. ಉದ್ದ ತೋಳಿನ ಅಂಗಿ, ಗವಸು ಬೇಕೇ ಬೇಕು. ಜಗಲಿಯ ಕಂಬ ನೆಲಕ್ಕೆ ತಾಗಬಾರದು. ಒಂದಡಿ ಎತ್ತರದ ಕಪ್ಪು ಕಲ್ಲಿನ ಮೇಲೆ ಕೂರಿಸಿದೆವು. ಒರಲೆ (ಗೆದ್ದಲು) ಹತ್ತಿದರೂ ಕಲ್ಲಿನ ಮೇಲೆ ಅದರ ಮಣ್ಣಿನ ದಾರಿ ಕಣ್ಣಿಗೆ ಕಾಣುತ್ತದೆ.

ಇಳಿಜಾರು 30 ಡಿಗ್ರಿ, ಅಡಿಗೆ ಏಳು ಇಂಚು. ಇದಕ್ಕಿಂತ ಚಪ್ಪಟೆಯಾದರೆ ಗಾಳಿಮಳೆಗೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಏರುತ್ತದೆ. ಮಂಗಳೂರು ಹೆಂಚು ಸುಮಾರು 1,900 ಬೇಕಾಯಿತು. ಒಂದಕ್ಕೆ ಎರಡೂವರೆಯಿಂದ ಮೂರು ಕಿಲೋ, ಒಟ್ಟು ಐದು ಟನ್ ಆಸುಪಾಸು. ಮರದ ಲೆಕ್ಕ ಹಾಕುವಾಗ ಇದು ತಲೆಯಲ್ಲಿರಲಿ.

ಹಳೆ ಹೆಂಚು ತರುವವರು ಹಿಂಬದಿ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಹುಟ್ಟಿದವು. ಆಕಾರ ಒಂದೇ ಅನಿಸಿದರೂ ಒಂದರ ಹೆಂಚು ಇನ್ನೊಂದರ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಕೂದಲೆಳೆಯ ವ್ಯತ್ಯಾಸವೇ ಹತ್ತನೇ ಸಾಲಿಗೆ ಸೋರಿಕೆಯಾಗುತ್ತದೆ. ಹೆಸರಿನ ಪ್ರಕಾರ ಬೇರೆ ಮಾಡಿ, ಪಡುವಣ ಇಳಿಜಾರಿಗೆ ಪೂರ್ತಿ ಒಂದೇ ಹೆಸರಿನವು, ಮೂಡಣಕ್ಕೆ ಇನ್ನೊಂದು ಹೆಸರಿನವು ಹಾಕಿದೆವು.

ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ಬಾಯಿಲೆಕ್ಕದಲ್ಲಿ ಹೊಡೆಯಬಾರದು. ಆಚಾರಿ ಮಾಡಿದ್ದು ಹೀಗೆ. ಹನ್ನೊಂದು ಹೆಂಚನ್ನು ನೆಲದ ಮೇಲೆ ಒಂದಕ್ಕೊಂದು ಸಿಕ್ಕಿಸಿ, ಎಳೆದು ಬಿಗಿ ಮಾಡಿ ಮೊದಲನೆಯದರ ಮೇಲಂಚಿನಿಂದ ಹನ್ನೊಂದನೆಯದರ ಮೇಲಂಚಿನವರೆಗೆ ಅಳೆದರು. ಮತ್ತೆ ಒಳಕ್ಕೆ ತಳ್ಳಿ ಅಳೆದರು. ಎರಡರ ನಡುವಿನ ಅಳತೆಯನ್ನು ಹತ್ತರಿಂದ ಭಾಗಿಸಿದರು. ಹನ್ನೆರಡೂವರೆ ಇಂಚಿನ ಹತ್ತಿರ ಬಂತು. ಆ ಅಳತೆಗೆ ಒಂದು ಬಿದಿರು ತುಂಡು ಕತ್ತರಿಸಿ ಕೈಯಲ್ಲಿ ಹಿಡಿದು, ಟೇಪು ಮುಟ್ಟದೆ ರೀಪು ಹೊಡೆಯುತ್ತ ಮೇಲೆ ಹೋದರು.

ಹೆಂಚಿನ ಕೆಳಗೆ ಅಡಿಕೆ ದಬ್ಬೆಯ ಮುಚ್ಚಿಗೆ. ಬಿಸಿ ಹೆಂಚಿನ ಝಳ ನೇರ ತಲೆಗೆ ಹೊಡೆಯದ ಹಾಗೆ ಅದು ತಡೆಯುತ್ತದೆ. ತೆಂಕು, ಬಡಗು ತುದಿಯ ಮೂರು ಮೂಲೆಯ ಗೋಡೆಯಲ್ಲಿ ಚಿರೇಕಲ್ಲಿನ ಜಾಳಿ. ಮುಚ್ಚಿಗೆ ಮತ್ತು ಹೆಂಚಿನ ನಡುವೆ ಸೇರಿದ ಕಾವು ಅಲ್ಲಿಂದ ಹೋಗುತ್ತದೆ. ಬಾವಲಿ ಬರದ ಹಾಗೆ ತುಕ್ಕು ಹಿಡಿಯದ ಬಲೆ ಕೂರಿಸಿದೆವು.

ಗಾಳಿ ನೋಡಿದ್ದು

ಪಡುವಣದ ಕಿಟಕಿಗಳು ಕೆಳಗೆ, ಮಂಚದ ಮಟ್ಟಕ್ಕೆ. ಮೂಡಣದವು ಎತ್ತರದಲ್ಲಿ, ಸ್ವಲ್ಪ ದೊಡ್ಡವು. ಬಾಗಿಲು ಬಾಗಿಲಿಗೆ ನೇರ. ಹೆಂಚು ಹೊದಿಸಿದ ಮೇಲೆ ಊದಿನಕಡ್ಡಿ ಹಚ್ಚಿಕೊಂಡು ಕೋಣೆ ಕೋಣೆ ಓಡಾಡಿದೆ. ಮಧ್ಯಾಹ್ನ ಮೂರಕ್ಕೆ ಹೊಗೆ ಮಂಚದ ಜಾಗದ ಮೇಲೆ ಅಡ್ಡ ಹರಿದು ಮೂಡಣದ ಕಿಟಕಿಯಲ್ಲಿ ಹೊರಗೆ ಹೋಯಿತು. ಅಡುಗೆಮನೆಯ ಒಂದು ಮೂಲೆಯಲ್ಲಿ ಮಾತ್ರ ಹೊಗೆ ಸುತ್ತುತ್ತ ನಿಂತಿತ್ತು. ಅಲ್ಲಿ ಗೋಡೆಯ ಮೇಲ್ಭಾಗದಲ್ಲಿ ಎರಡು ಕಲ್ಲು ತೆಗೆಸಿ ಜಾಳಿ ಮಾಡಿಸಿದ ಮೇಲೆ ಸರಿಹೋಯಿತು.

ಮೊದಲ ಮಳೆಗಾಲ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ. ಈ ಮಾಡಿನ ಮೇಲೆ ಬೀಳುವುದೇ ಮೂರು ಲಕ್ಷ ಲೀಟರಿಗಿಂತ ಜಾಸ್ತಿ. ಮೂಡಣದ ನೀರನ್ನು ಸೂರಿನಂಚಿನ ದೋಣಿಯಲ್ಲಿ (ನೀರು ಹಿಡಿಯುವ ಉದ್ದ ತೊಟ್ಟಿಯಲ್ಲಿ) ಹಿಡಿದು ಬಾವಿಯ ಬದಿಯ ಇಂಗುಗುಂಡಿಗೆ ಬಿಟ್ಟಿದ್ದೇವೆ. ಪಡುವಣದಲ್ಲಿ ದೋಣಿ ಇಟ್ಟಿಲ್ಲ. ನೀರು ಬೀಳುವ ಸಾಲಿಗೆ ಜಲ್ಲಿ ತುಂಬಿದ ಕಾಲುವೆ ಮಾಡಿದ್ದೇವೆ, ಇಲ್ಲದಿದ್ದರೆ ಕೆಂಪು ನೀರು ಸಿಡಿದು ಪಾಯ ಕೊಳೆಯಾಗುತ್ತದೆ.

ಮೇ ಕೊನೆಯಲ್ಲಿ ಜಗಲಿಯ ಹೊರಗಡೆ ಮಡಲಿನ (ಹೆಣೆದ ತೆಂಗಿನ ಗರಿಯ) ತಟ್ಟಿ ಕಟ್ಟಿದೆವು. ತಟ್ಟಿಯ ಬುಡದಲ್ಲಿ ಗೇಣು ಜಾಗ ಬಿಡಬೇಕು, ಗಾಳಿಯಾಡಲಿ ಅಂತ. ಪೂರ್ತಿ ಮುಚ್ಚಿದರೆ ಒಳಗೆ ತೇವ ನಿಂತು ಗೋಡೆಗೆ ಬೂಸಲು ಹತ್ತುತ್ತದೆ. ಜುಲೈಯ ಗಾಳಿಮಳೆಯಲ್ಲಿ ಜಗಲಿಯ ಅಂಚು ಒದ್ದೆಯಾಯಿತು, ಗೋಡೆ ಆಗಲಿಲ್ಲ. ಇಶಾಡು ಮರದ ಎಲೆ ಬಿದ್ದು ಹೆಂಚಿನ ತೋಡು ಕಟ್ಟಿಕೊಂಡ ಜಾಗದಲ್ಲಿ ಎರಡು ಕಡೆ ಸೋರಿತು. ಮರ ಕಡಿಯುವುದಿಲ್ಲ. ಮಳೆಗೆ ಮೊದಲು ಒಮ್ಮೆ, ನಡುವೆ ಮಳೆ ಬಿಟ್ಟು ಹೊಳವಾದಾಗ ಒಮ್ಮೆ ಉದ್ದ ಬಿದಿರಿಗೆ ಹಿಡಿಸೂಡಿ ಕಟ್ಟಿ ಗುಡಿಸಿದರೆ ಸಾಕು.

ಪಡುಗೋಡೆಗೆ ಹೊರಗಿನ ಗಾರೆ ಇನ್ನೂ ಬಳಿದಿಲ್ಲ. ಮಳೆಯ ತೇವ ಪೂರ್ತಿ ಇಳಿಯಲಿ. ಜಗಲಿಯ ಉದ್ದಕ್ಕೂ ಒಂದಡಿ ಪಟ್ಟಿಯಲ್ಲಿ ಕಾವಿ ಚಿತ್ತಾರ ಮಾಡಿಸುವ ಆಸೆ ಇದೆ, ಅಂಕೋಲಾ, ಕುಮಟಾ, ಭಟ್ಕಳ ಕಡೆಯ ಹಳೆ ದೇವಸ್ಥಾನಗಳ ಗೋಡೆಯಲ್ಲಿ ಇರುವಂಥದ್ದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣ ಬಳಿದು, ಹಸಿ ಇರುವಾಗಲೇ ಗೀರಿ ಒಳಗಿನ ಬಿಳಿ ಕಾಣಿಸುವ ಕೆಲಸ. ಕೈ ಬಲ್ಲವರೊಬ್ಬರು ದೀಪಾವಳಿ ಕಳೆದು ಬರುತ್ತೇನೆ ಅಂದಿದ್ದಾರೆ. ಅದಕ್ಕೆ ಬೇಕಾದ ಸುಣ್ಣ ಸೋಸಿ ತೊಟ್ಟಿಯಲ್ಲಿ ನೀರಿನಡಿ ಬಿಟ್ಟಿದ್ದೇವೆ.